ಅರ್ಧ ಮಾತ್ರೆ

ಅನ್ವಿ, ಶ್ರೇಯು, ನಿಮ್ಮ ಅಜ್ಜಿ ಬರೆಯುತ್ತಿದ್ದೇನೆ. ನಮ್ಮ ಫಿಂಟಾಸಿನ ಕಟ್ಟಡದ ಕೆಳಗೆ ದಿನಸಿ ಅಂಗಡಿ ನೋಡಿಕೊಳ್ಳುತ್ತಿದ್ದ ಕಾಕನ ಹೆಬ್ಬೆರಳಿನ ಉಗುರು ನಿಮಗೆ ನೆನಪಿರಬೇಕು. ಉದ್ದ, ಹಳದಿ, ಗಟ್ಟಿ. ಅದರಿಂದಲೇ ನಿಮ್ಮ ಚಾಕಲೇಟಿನ ಕಾಗದ ಸೀಳಿ ಕೊಡುತ್ತಿದ್ದರು. ದಿನವೂ ಬೆಳಿಗ್ಗೆ ಬಿಪಿ ಮಾತ್ರೆಯನ್ನು ಅದೇ ಉಗುರಿನಿಂದ ಎರಡು ಮಾಡುತ್ತಿದ್ದುದನ್ನು ನೀವು ನೋಡಿರಲಿಕ್ಕಿಲ್ಲ.

ಅವರು ಉಪ್ಪಿನಂಗಡಿ ಕಡೆಯ ಬ್ಯಾರಿ. ಗಲ್ಫಿನ ಈ ಊರಲ್ಲಿ ನಾನು ಸಂಕೋಚವಿಲ್ಲದೆ ಮಾತಾಡುತ್ತಿದ್ದುದು ಅವರ ಹತ್ತಿರ ಮಾತ್ರ. "ಅಕ್ಕ, ಇವತ್ತಿನ ಬಸಳೆ ತಗೊಳ್ಬೇಡಿ, ಬಾಡಿದೆ" ಎಂದು ತಮ್ಮ ಅಂಗಡಿಯ ಸೊಪ್ಪನ್ನು ತಾವೇ ಹಳಿಯುತ್ತಿದ್ದರು.

ಒಂದು ದಿನ ಅವರು ಮಾತ್ರೆ ಸೀಳುವುದನ್ನು ನೋಡಿದೆ. ನಾನು ನುಂಗುವ ಮಾತ್ರೆಯೇ ಅದು.

"ಡಾಕ್ಟರು ಅರ್ಧ ಹೇಳಿದ್ದಾ?"

"ಒಂದು ಹೇಳಿದ್ದು. ಊರಿಂದ ಯಾರಾದ್ರೂ ತರುವವರೆಗೆ ಎಳೀಬೇಕಲ್ಲ."

"ಇಲ್ಲಿ ಸಿಗುವುದಿಲ್ವಾ?"

"ಸಿಗ್ತದೆ. ಅರವತ್ತು ದಾಟಿತಲ್ಲ ನನಗೆ, ಇಲ್ಲಿ ಇರ್ಲಿಕ್ಕೆ ಇಕಾಮಾ ಚೀಟಿ ಬೇಕಾದ್ರೆ ಬೇರೆ ವಿಮೆ ಮಾಡಿಸ್ಬೇಕು. ಇದ್ದದ್ದೆಲ್ಲ ಅದಕ್ಕೇ ಖಲಾಸ್. ಆ ವಿಮೆಯೋ, ಆಸ್ಪತ್ರೆಯಲ್ಲಿ ಮಲಗಿದ್ರೆ ಆಗ್ತದಂತೆ, ದಿನದ ಮದ್ದಿಗೆ ಇಲ್ಲ." ನಕ್ಕರು. "ಮಲಗ್ಲಿಕ್ಕೆ ನಂಗೆಲ್ಲಿ ಪುರ್ಸೊತ್ತು ಮಾರಾಯ್ರೆ?"

ನನಗೆ ನಗು ಬರಲಿಲ್ಲ. ನಿಮ್ಮ ಅಪ್ಪನ ಕಂಪನಿಯ ವಿಮೆಯಲ್ಲಿ ನನ್ನ ಮೊಣಕಾಲಿಗೆ ಎರಡು ಸಲ ಸ್ಕ್ಯಾನ್ ಆಗಿತ್ತು. ಎರಡನೆಯದು ಏಕೆಂದು ಯಾರೂ ಹೇಳಲಿಲ್ಲ. ನನ್ನ ಬೀರುವಿನಲ್ಲಿ ಅದೇ ಮಾತ್ರೆಯ ಪಟ್ಟಿಗಳು ರಾಶಿ ಬಿದ್ದಿದ್ದವು. ಇಬ್ಬರಿಗೂ ಒಂದೇ ಕಾಯಿಲೆ, ನಡುವೆ ಇದ್ದದ್ದು ನಾಲ್ಕು ಮಹಡಿ.

ಮರುದಿನ ಎರಡು ಪಟ್ಟಿ ಸೆರಗಿನಲ್ಲಿ ಮುಚ್ಚಿಕೊಂಡು ಹೊರಟೆ. ನಿಮ್ಮ ಅಪ್ಪ ನೋಡಿದ.

"ಅಮ್ಮ, ನಿನ್ನ ಹೆಸರಿಗೆ ಬರೆದ ಮದ್ದು. ಅವರಿಗೆ ಹೆಚ್ಚುಕಮ್ಮಿಯಾದ್ರೆ? ನಮಗ್ಯಾಕೆ ಅವರ ವಿಷಯ?"

ಅವನ ಹೆದರಿಕೆ ಸುಳ್ಳಲ್ಲ. "ಹಾಗಾದರೆ ಡಾಕ್ಟರ ಹತ್ತಿರ ನೀನೇ ಕರೆದುಕೊಂಡು ಹೋಗು" ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಪಟ್ಟಿಗಳನ್ನು ಮತ್ತೆ ಬೀರುವಿನಲ್ಲಿಟ್ಟೆ. ಅನ್ವಿ, ನೀನು ಮಾತ್ರ "ವೈ ನಾಟ್, ಪಪ್ಪಾ?" ಎಂದು ಕೇಳಿದೆ. ಅವನು ಫೋನು ನೋಡುತ್ತಾ ಕುಳಿತ.

ರಂಜಾನಿಗೆ ಮುಂಚೆ ಕಾಕ ಅಂಗಡಿಯಲ್ಲೇ ಕುಸಿದರು. ಮೂರನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ಮೂರು ದಿನ ವಿಮೆ ಕೆಲಸಕ್ಕೆ ಬಂತಂತೆ.

ಅರ್ಧ ಮಾತ್ರೆಯಿಂದಲೇ ಹೋದರು ಎನ್ನಲು ನಾನು ಡಾಕ್ಟರಲ್ಲ. ಆದರೆ ಆ ಎರಡು ಪಟ್ಟಿಗಳು ಇನ್ನೂ ನನ್ನ ಬಳಿ ಇವೆ, ಅವಧಿ ಮುಗಿದು ಬಹಳ ದಿನವಾಯಿತು. ನೋಡಿದಾಗಲೆಲ್ಲ ನನ್ನ ಮೇಲೇ ಸಿಟ್ಟು ಬರುತ್ತದೆ.

ಈ ಹಾಳೆಗಳನ್ನು ಜೋಪಾನವಾಗಿಡಿ ಮಕ್ಕಳೇ. ನಿಮಗೆ ಕನ್ನಡ ಓದಲು ಬಾರದು. ಅಪ್ಪನ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿ.