ಕಿವುಡಿಯ ಮನೆಯ ಹಾಡುಗಾರ

ಇಂಗ್ಲೆಂಡಿನ ಬಟ್ಟೆ ಗಿರಣಿಗಳ ಊರು ಸಾಲ್ಫರ್ಡ್‌ನ ನಮ್ಮ ಮನೆಗೆ ಬಾಡಿಗೆ ಕೋಣೆ ಕೇಳಿಕೊಂಡು ಬಂದ ದಿನವೇ ಲೆನಾರ್ಡ್ ಕ್ರಾಶಾ, "ಪೋಸ್ಟ್-ಪಂಕ್ ಅನ್ನೋ ರಾಕ್ ಹಾಡು ಹಾಡ್ತೀನಿ ಅಮ್ಮಾವ್ರೇ, ಗಲಾಟೆ ಜಾಸ್ತಿ" ಎಂದ. "ನನ್ನ ಕಿವೀನ ಗಿರಣಿ ಮಗ್ಗದ ಸದ್ದು ಯಾವತ್ತೋ ತಿಂದಾಯ್ತು. ಎದುರಿಗೆ ನಿಂತು ತುಟಿ ಆಡಿಸಪ್ಪ, ಸಾಕು" ಎಂದೆ, ಗಿರಣಿಯ ಹೆಂಗಸರು ನಾವು ಮಾತಾಡುತ್ತಿದ್ದದ್ದೇ ಹಾಗೆ. ಸತ್ತ ತಂದೆಯ ಕರಿ ಕೋಟನ್ನು ಅವನು ಬೇಸಿಗೆಯಲ್ಲೂ ತೊಡುತ್ತಿದ್ದ. ಪಕ್ಕದವರು ಗೋಡೆ ಗುದ್ದಿ ನಮ್ಮ ತಟ್ಟೆಗಳು ಅದುರಿದರೆ, "ತಾಳ ತಪ್ತು, ಇನ್ನೊಂದ್ಸಲ ಗುದ್ರೀ!" ಎನ್ನುತ್ತಿದ್ದ. ಅವನ ಹಾಡುಗಳಲ್ಲಿ ಪ್ರೀತಿ ಪ್ರೇಮ ಇರಲಿಲ್ಲ, ಬೀಗ ಬಿದ್ದ ಗಿರಣಿಗಳಿದ್ದವು. ಕ್ಯಾನ್ಸರ್ ಬಂದು ಡಾಕ್ಟರು ಅವನ ಗಂಟಲಿನ ಧ್ವನಿಪೆಟ್ಟಿಗೆಯನ್ನೇ ತೆಗೆದ ಮೇಲೆ ಜೊತೆಯ ವಾದ್ಯದವರು ಬರುವುದನ್ನು ಬಿಟ್ಟರು. ಈಗಿನ ಹುಡುಗರು ಅವನ ಹಳೆಯ ರೆಕಾರ್ಡು ಹಾಕಿಕೊಂಡು ಅವನಂತೆಯೇ ಹಾಡಲು ಒದ್ದಾಡುತ್ತಾರಂತೆ. ಆ ದನಿಯನ್ನು ನಾನಂತೂ ಕೇಳಿದವಳಲ್ಲ. ದನಿ ಹೋದ ಮೇಲೂ ಅಡುಗೆಮನೆಯಲ್ಲಿ ನನ್ನೆದುರು ಕೂತು ಅವನು ಬರೀ ತುಟಿಯಲ್ಲಿ ಹಾಡುತ್ತಿದ್ದ, ಒಂದು ಪದವೂ ನನಗೆ ತಪ್ಪುತ್ತಿರಲಿಲ್ಲ. ಆಸ್ಪತ್ರೆಗೆ ಕೊನೆಯ ಸಲ ಹೊರಟ ಬೆಳಿಗ್ಗೆಯೂ ಒಂದು ಹಾಡು ಮುಗಿಸಿ, ನನ್ನ ಮುಖವನ್ನೇ ನೋಡುತ್ತಾ ತುಟಿಯಲ್ಲೇ ಕೇಳಿದ: "ಇವತ್ತು ಒಂಚೂರಾದ್ರೂ ದನಿ ಬಂತಾ, ಅಮ್ಮಾವ್ರೇ?"