ಬೊಂಗ್‌ಸುನ್ ಅಕ್ಕನ ನಡಿಗೆಯ ಲೆಕ್ಕ

ಬೆನ್ನಿಗೆ ಚೀಲ ಹೊತ್ತು ಜಿರಿ ಬೆಟ್ಟದಿಂದ ದೊಗ್ಯು ಬೆಟ್ಟದವರೆಗೆ ಒಬ್ಬಳೇ ನಡೆಯಲು ಹೊರಟ ಪಕ್ಕದ ಮನೆಯ ಬೊಂಗ್‌ಸುನ್ ಅಕ್ಕ, ದಿನಕ್ಕೆ ಹನ್ನೆರಡು ಕಿಲೋಮೀಟರ್ ಎಂದು ನಕ್ಷೆಯ ಮೇಲೆ ಬರೆದುಕೊಂಡಿದ್ದಳು. ಆ ಏರಿಗೆ, ಅವಳ ಮಂಡಿಗೆ ಅಷ್ಟೇ ಸರಿ. ಗಂಡ ದೊಕ್ಸು ಒಪ್ಪಲಿಲ್ಲ. ಊರು ಬಿಡುವ ಹೆಂಗಸು, ತಾನು ಬರುವತನಕ ಗಂಡನ ಊಟಕ್ಕೆಂದು ಪಾತ್ರೆ ತುಂಬ ಮೂಳೆಸಾರು ಕುದಿಸಿಟ್ಟೇ ಹೋಗುವುದು ನಮ್ಮಲ್ಲಿ ಎಲ್ಲರ ಮನೆಯ ರೂಢಿ.

"ದಿನಕ್ಕೆ ಇಪ್ಪತ್ತು ನಡಿಯೇ. ಸಾರು ಮುಗಿಯೋದ್ರೊಳಗೆ ಬಂದ್ಬಿಡ್ತೀಯ."

"ಇಷ್ಟು ವರ್ಷ ನಿಮ್ಮ ಹೊಟ್ಟೆ ನೋಡ್ಕೊಂಡೇ ಓಡಿದ್ದೀನಿ. ಈ ಸಲ ನನ್ನ ಮಂಡಿ ನೋಡ್ಕೊಂಡು ನಡೀತೀನಿ."

"ಸಾರು ಮುಗಿದ್ರೆ?"

"ಯಾವ ಸಾರು ರೀ? ನಾನು ಕುದಿಸೇ ಇಲ್ಲ. ಮೂಳೆ ಫ್ರಿಜ್ಜಲ್ಲಿದೆ, ಒಲೆ ಎಲ್ಲಿದೆ ಅಂತ ತೋರಿಸ್ಲಾ?"

ದೊಕ್ಸು ಗೊಣಗುತ್ತಲೇ ಇದ್ದ. ಅಕ್ಕ ನಕ್ಷೆ ಎಳೆದುಕೊಂಡು ಹನ್ನೆರಡನ್ನು ಹೊಡೆದುಹಾಕಿ, ಹತ್ತು ಎಂದು ಬರೆದಳು.