ಖಾಲಿ ಮರಳುವ ವಿಮಾನದಲ್ಲಿ ಎರಡು ಸೀಟು

ಅಕ್ಕನಿಗೆ ಮೂತ್ರಪಿಂಡ ಬದಲಿಸಿದ ವರ್ಷ ಅವಳು ಕುನ್ನತ್ತೂರಿನ ಮನೆಗೆ ಬೀಗ ಹಾಕಿ ಕೊಯಮತ್ತೂರಿಗೆ, ನನ್ನ ಹತ್ತಿರ ಬಂದಳು. ಮೂತ್ರಪಿಂಡ ಕೊಟ್ಟವಳು ನಾನೇ. ಇಬ್ಬರೂ ಒಂದೇ ಕೋಣೆಯಲ್ಲಿ ಮಲಗಿ ಚೇತರಿಸಿಕೊಂಡೆವು. ಅವಳ ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು, ನಾನು ಮದುವೆಯಾದವಳಲ್ಲ. ನೇಕಾರರ ಮನೆಯ ಮಕ್ಕಳು ನಾವು. ಶಾಲೆಯಲ್ಲಿ ಓದಿದ್ದು ತಮಿಳು, ಬೀದಿಯಲ್ಲಿ ಆಡಿದ್ದು ತಮಿಳು, ಮನೆಯೊಳಗೆ ಬಂದರೆ ಕನ್ನಡ. ಕನ್ನಡದ ಅಕ್ಷರ ಕಲಿತವಳು ನಾನೊಬ್ಬಳೇ, ಅದೂ ಮೂವತ್ತು ದಾಟಿದ ಮೇಲೆ. ಅಪ್ಪ ಅಮ್ಮ ಹೋದ ನಂತರ ಆ ನಮ್ಮ ಕನ್ನಡ ಆಡಲು ನನಗೆ ಉಳಿದಿದ್ದವಳು ಅಕ್ಕ ಮಾತ್ರ.

ಅವಳ ಒಬ್ಬಳೇ ಮಗಳು ಅಹಮದಾಬಾದಿನಲ್ಲಿದ್ದಳು, ಬಸುರಿ. ಮಂಚ ಬಿಟ್ಟು ಏಳಬಾರದು ಎಂದು ಅಲ್ಲಿನ ಡಾಕ್ಟರು ಹೇಳಿದ್ದರಂತೆ. ಅಕ್ಕನಿಗೆ ಅಂದಿನಿಂದ ಅಲ್ಲಿಗೆ ಹೋಗುವ ಒಂದೇ ಧ್ಯಾನ. ಆದರೆ ಅಕ್ಕನ ಡಾಕ್ಟರು ಒಂದು ಷರತ್ತು ಹಾಕಿದರು: ಹೋಗಬಹುದು, ಜನರ ಗುಂಪಿನಲ್ಲಿ ಮಾತ್ರ ಬೇಡ. ಒಂದು ಮದುವೆಗೆ ಹೋಗಿ ಬಂದದ್ದಕ್ಕೇ ಸೋಂಕು ತಗುಲಿ ಅವಳು ಹತ್ತು ದಿನ ಆಸ್ಪತ್ರೆ ಸೇರಿದ್ದಳು. ಎರಡು ರಾತ್ರಿಯ ರೈಲು ಆಗದ ಮಾತು. ಕಾರಿನಲ್ಲಿ ಅಷ್ಟು ದೂರ ಅವಳ ಬೆನ್ನು ತಡೆಯುವುದಿಲ್ಲ. ವಿಮಾನವೆಂದರೆ ಸಾಲು, ನೂಕುನುಗ್ಗಲು, ಪಕ್ಕದಲ್ಲಿ ಕೆಮ್ಮುವವರು.

ಆರ್.ಎಸ್. ಪುರಂನ ಸೀರೆ ಅಂಗಡಿಯೊಂದರಲ್ಲಿ ನನಗೆ ಕೆಲಸ. ಒಂದು ದಿನ ಮದುವೆ ಸೀರೆ ಆರಿಸಲು ಬಂದ ಹೆಂಗಸೊಬ್ಬರು, ಗಂಡಿನ ಕಡೆಯವರು ನಿಶ್ಚಿತಾರ್ಥಕ್ಕೆ ಪುಟ್ಟ ವಿಮಾನವನ್ನೇ ಬಾಡಿಗೆಗೆ ಹಿಡಿದು ಬಂದರು, ಇಳಿಸಿದ ಮೇಲೆ ಅದು ಖಾಲಿಯಾಗಿ ವಾಪಸ್ ಹಾರಿತು ಎಂದು ತಮ್ಮ ನಾದಿನಿಗೆ ಹೇಳುತ್ತಿದ್ದರು. ಮಡಿಸುತ್ತಿದ್ದ ಸೀರೆ ನನ್ನ ಕೈಯಲ್ಲೇ ನಿಂತಿತು. "ಸುಮ್ಮನೆ ಖಾಲಿ ಹೋಗುತ್ತಾ?" ಎಂದು ತಮಿಳಿನಲ್ಲಿ ಕೇಳಿದೆ. ಅವರು ನಕ್ಕು, ವಿಮಾನ ಗೊತ್ತುಮಾಡಿಕೊಟ್ಟ ಬೆಂಗಳೂರಿನ ಕಚೇರಿಯ ನಂಬರು ಕೊಟ್ಟರು.

ಅಕ್ಕನಿಗೆ ಹೇಳಿದಾಗ ಅವಳು ಮಾತ್ರೆ ನುಂಗುತ್ತಿದ್ದಳು. ನೀರು ನೆತ್ತಿಗೇರುವಷ್ಟು ನಕ್ಕಳು. ನನ್ನನ್ನು ಅವಳು ಮುದ್ದಿಗೆ 'ಕಣ್ಣು' ಎಂದೇ ಕರೆಯುವುದು.

"ಬನಿಯನ್ ಕಂಪನೀಲಿ ಚೆಕಿಂಗ್ ಮಾಡ್ದವ್ಳು ನಾನು. ನಂಗೊಬ್ಳಿಗೆ ತನಿ ವಿಮಾನನಾ? ಸುಮ್ಮಾ ಇರು ಕಣ್ಣು."

"ಕೇಳಿ ನೋಡೋಕೆ ಏನಕ್ಕ? ಕೇಳ್ದ್ರೆ ಕಾಸು ಕೇಳ್ತಾರಾ?"

ಫೋನೆತ್ತಿದವಳು ಒಬ್ಬ ಹುಡುಗಿ. ಕನ್ನಡದಲ್ಲೇ ಮಾತಾಡಿದಳು, ಪುಸ್ತಕದಲ್ಲಿರುವಂಥ ಕನ್ನಡ. ನನ್ನ ಕನ್ನಡ ಕೇಳಿ ಒಂದು ಕ್ಷಣ ತಡೆದು, "ಮೇಡಂ, ನೀವು ಯಾವ ಕಡೆಯವರು?" ಎಂದಳು. ಇಲ್ಲಿಯವರೇ ಎಂದೆ. ಅವಳು ಬೇಸರಪಡದೆ ಎಲ್ಲ ಬಿಡಿಸಿ ಹೇಳಿದಳು. ಇಡೀ ವಿಮಾನ ಹಿಡಿದರೆ ಅದು ಖಾಲಿ ಮರಳುವ ಬಾಡಿಗೆಯೂ ನಮ್ಮ ತಲೆಗೇ. ಪಂಖ ತಿರುಗುವ ಸಣ್ಣ ವಿಮಾನ ಅಗ್ಗ, ಆದರೆ ನಿಧಾನ, ದಾರಿಯಲ್ಲಿ ಇಂಧನಕ್ಕೆ ಇಳಿಯಬೇಕಾಗಬಹುದು. ಎಲ್ಲಕ್ಕಿಂತ ಕಡಿಮೆಯೆಂದರೆ ಖಾಲಿ ಮರಳುವ ಜೆಟ್ಟು, ಅದರಲ್ಲೂ ಬೇರೆಯವರ ಜೊತೆ ಹಂಚಿಕೊಂಡರೆ.

"ಆದರೆ ಮೇಡಂ, ದಿನ ನಿಮ್ಮ ಕೈಯಲ್ಲಿ ಇರೋದಿಲ್ಲ. ಊರೂ ಅಷ್ಟೇ, ಹತ್ತಿರದ್ದು ಸಿಕ್ಕರೆ ಪುಣ್ಯ. ಕೊನೇ ಗಳಿಗೆಯಲ್ಲಿ ರದ್ದಾದರೂ ಆಗಬಹುದು. ಮತ್ತೆ ಅದು ಹೋಗೋಕೆ ಮಾತ್ರ, ಬರೋಕಲ್ಲ."

ಇಷ್ಟಾದರೂ ನಮ್ಮಂಥವರಿಗೆ ಅದು ದೊಡ್ಡ ಮೊತ್ತವೇ. ಮೂರನೆಯ ದಿನ ಅಕ್ಕ ತರಕಾರಿ ಹೆಚ್ಚುತ್ತಾ, ಕಂಪನಿ ಬಿಟ್ಟಾಗ ಬಂದ ಹಣ ಬ್ಯಾಂಕಿನಲ್ಲಿದೆಯಲ್ಲ ಎಂದಳು. "ಅದನ್ನ ಇಟ್ಕೊಂಡು ಏನ್ ಮಾಡ್ಲಿ? ಅವ್ಳು ನೋವು ತಿನ್ನುವಾಗ ನಾನು ಇಲ್ಲಿ ಕೂತ್ಕೊಂಡು ಫೋನ್ ನೋಡ್ಲಾ?"

ಅಂದಿನಿಂದ ಬಾಗಿಲ ಬಳಿ ಒಂದು ಚೀಲ ತಯಾರಾಗಿ ಕುಳಿತಿತ್ತು. ಮೊದಲು ಸುದ್ದಿ ಬಂದ ವಿಮಾನ ಸೂರತ್ತಿಗೆ ಹೋಗುವುದು. ನಾವು ಹೂಂ ಎನ್ನುವುದರೊಳಗೆ ಬೇರೆಯವರ ಪಾಲಾಯಿತು. ಎರಡನೆಯದು ಅಹಮದಾಬಾದಿಗೇ. ಅಕ್ಕ ಸೀರೆ ಉಟ್ಟು, ಮಾಸ್ಕ್ ಕಟ್ಟಿ ಕುಳಿತಿದ್ದಾಗ ಫೋನ್ ಬಂತು: ವಿಮಾನ ಹಿಡಿದವರು ಪ್ರಯಾಣ ಮುಂದೂಡಿದ್ದಾರೆ. ಅವಳು ಉಟ್ಟ ಸೀರೆಯಲ್ಲೇ ಸಂಜೆಯವರೆಗೆ ಕಿಟಕಿಯ ಹತ್ತಿರ ಕುಳಿತಿದ್ದಳು.

ಮೂರನೆಯದು ವಡೋದರೆಗೆ. ಬೆಳಗ್ಗೆ ಸುದ್ದಿ ಬಂತು, ಮಧ್ಯಾಹ್ನ ಹೊರಡಬೇಕು. ಜೊತೆಗೆ ಇನ್ನೊಂದು ವಯಸ್ಸಾದ ಜೋಡಿ, ನಮಗೆ ಎರಡು ಸೀಟು. ಅಕ್ಕನ ಅಳಿಯ ಅಹಮದಾಬಾದಿನಿಂದ ಅಲ್ಲಿಗೆ ಕಾರು ತರುತ್ತೇನೆಂದ. ಡಾಕ್ಟರನ್ನು ಇನ್ನೊಮ್ಮೆ ಕೇಳಿದೆ. ಸರಿ ಎಂದರು, ಜೊತೆಯಲ್ಲಿ ನಾನಿರಬೇಕು ಅಷ್ಟೆ.

ಸಾಲಿಲ್ಲ, ಗದ್ದಲವಿಲ್ಲ. ವಿಮಾನದ ಬಾಗಿಲೇ ಕೆಳಗೆ ಬಿಚ್ಚಿಕೊಂಡು ಮೆಟ್ಟಿಲಾಗಿತ್ತು. ಒಳಗೆ ನೆಟ್ಟಗೆ ನಿಲ್ಲಲು ಆಗದು, ತಲೆ ಬಗ್ಗಿಸಿಯೇ ನಡೆಯಬೇಕು. ಅಕ್ಕ ಕುಳಿತವಳೇ ಸೀಟಿನ ಅಂಚಿನ ಮೇಲೆ ಹೆಬ್ಬೆರಳು ಓಡಿಸಿದಳು.

"ಇಲ್ಲಿ ನೋಡು, ಒಂದು ಹೊಲಿಗೆ ಬಿಟ್ಟಿದೆ. ನಮ್ಮ ಕಂಪನೀಲಿ ಆಗಿದ್ರೆ ರಿಜೆಕ್ಟ್."

ಬಹಳ ತಿಂಗಳ ಮೇಲೆ ಅವಳ ಆ ಹಳೆಯ ದನಿ ಕೇಳಿದೆ. ವಿಮಾನ ಮೇಲೆದ್ದಾಗ ನನ್ನ ಮಣಿಕಟ್ಟು ಹಿಡಿದುಕೊಂಡಳು. ಎಲ್ಲ ಸೀಟಿಗೂ ಕಿಟಕಿ. ಕೆಳಗೆ ತೆಂಗಿನ ತೋಟಗಳು, ಶೆಡ್ಡುಗಳ ತಗಡು ಮಾಡು, ಗಾಳಿಯಂತ್ರಗಳು. ನಮ್ಮ ಬೀದಿ ಎಲ್ಲಿ ಎಂದು ಹುಡುಕಿದಳು; ಸಿಗಲಿಲ್ಲ. ಆಮೇಲೆ ಬರೀ ಮೋಡ. ಅವಳು ಮಾತಾಡತೊಡಗಿದಳು. ಅಮ್ಮ ಮಗ್ಗದ ಹಾಸುನೂಲಿಗೆ ಗಂಜಿ ಹಾಕಿ ಬೀದಿಯುದ್ದಕ್ಕೂ ಎಳೆ ಕಟ್ಟುತ್ತಿದ್ದದ್ದು, ಅದರಡಿ ನಾವಿಬ್ಬರೂ ನುಸುಳಿ ಓಡಿ ಬೈಸಿಕೊಂಡದ್ದು, ಅಪ್ಪ ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕುಳಿತೇ ಊಟ ಮಾಡುತ್ತಿದ್ದದ್ದು. ಎರಡು ಗಂಟೆ, ನಮ್ಮ ಮನೆಯ ಕನ್ನಡದಲ್ಲಿ, ಯಾರಿಗೂ ಅರ್ಥವಾಗದ ಹಾಗೆ. ಅಷ್ಟು ಹೊತ್ತು ಅವಳು ನನ್ನೊಬ್ಬಳ ಜೊತೆ ಮಾತಾಡಿದ್ದು ಅದೇ ಕೊನೆ. ಆಗ ಅದು ನನಗೆ ಗೊತ್ತಿರಲಿಲ್ಲ.

ಅಲ್ಲಿಗೆ ಹೋದ ಆರನೆಯ ದಿನ ಹೆಣ್ಣುಮಗು ಹುಟ್ಟಿತು. ಅಕ್ಕ ಮಾಸ್ಕ್ ಹಾಕಿಕೊಂಡೇ ಮಗುವನ್ನು ಎತ್ತಿಕೊಂಡಳು. ನನ್ನ ರಜೆ ಮುಗಿದಿತ್ತು. ಸ್ಟೇಷನ್ನಿಗೆ ಬರಬೇಡವೆಂದೆ, ಜನ ಜಾಸ್ತಿ ಎಂದು. ಅವಳು ಮಹಡಿಯ ಕಂಬಿ ಹಿಡಿದು ನಿಂತಿದ್ದಳು. "ಚಳಿ ಮುಗೀಲಿ, ಅಪ್ಪುರಂ ಬರ್ತೀನಿ," ಎಂದು ಕೂಗಿದಳು. ಎರಡು ರಾತ್ರಿ ರೈಲಿನಲ್ಲಿ ಒಬ್ಬಳೇ ಬಂದೆ.

ಚಳಿ ಮುಗಿಯಿತು. ಮಗಳು ಕೆಲಸಕ್ಕೆ ಹೋಗತೊಡಗಿದಳು, ಮಗು ಅಕ್ಕನ ಕೈಗೆ ಬಂತು. ಅಲ್ಲೇ ಒಳ್ಳೆಯ ಡಾಕ್ಟರು ಸಿಕ್ಕರು. ದಿನಾ ವಿಡಿಯೋದಲ್ಲಿ ಮಾತಾಡುತ್ತೇವೆ, ಆದರೆ ಮಾತಿನ ನಡುವೆ ಮಗು ಅಳುತ್ತದೆ, ಕುಕ್ಕರ್ ಕೂಗುತ್ತದೆ, ಅವಳು ಯಾರಿಗೋ ಹಿಂದಿಯಲ್ಲಿ ಉತ್ತರಿಸುತ್ತಾಳೆ. ಅಂಗಡಿಯಲ್ಲಿ ತಮಿಳಾಡಿ ಮನೆಗೆ ಬಂದರೆ ಬಾಯಿ ತೆರೆಯಲು ಕಾರಣವೇ ಇರುವುದಿಲ್ಲ. ಕೆಲವೊಮ್ಮೆ ಎರಡು ಲೋಟ ಕಾಫಿಗೆ ನೀರಿಟ್ಟು ಬಿಡುತ್ತೇನೆ.

ಕಳೆದ ವಾರ ನಾನು ಅಂಗಡಿಯಲ್ಲಿದ್ದಾಗ ಬೆಂಗಳೂರಿನ ಆ ಹುಡುಗಿ ತಾನಾಗಿಯೇ ಫೋನ್ ಮಾಡಿದಳು. ವಡೋದರೆಯಿಂದ ಕೊಯಮತ್ತೂರಿಗೆ ಒಂದು ಜೆಟ್ಟು ಖಾಲಿ ಬರುತ್ತಿದೆ, ಒಂದು ಸೀಟು ಕಡಿಮೆಗೆ ಕೊಡಿಸುತ್ತೇನೆ ಎಂದಳು. ಅಕ್ಕನಿಗೆ ಕೂಡಲೇ ಹೇಳಿದೆ.

"ಪಾಪುಗೆ ಜ್ವರ ಕಣ್ಣು. ಈಗ ಎಂಗೆ ಬಿಟ್ಟು ಬರ್ಲಿ?"

"ಸರಿಕ್ಕ, ಪರವಾಗಿಲ್ಲ."

ಹುಡುಗಿಗೆ ಬೇಡವೆಂದು ತಿಳಿಸಿದೆ.

"ಮತ್ತೆ ಬಂದರೆ ಹೇಳಲಾ ಮೇಡಂ?"

"ಹೇಳಮ್ಮ. ಯಾವಾಗ ಬಂದ್ರೂ ಹೇಳು."

ಗಿರಾಕಿಗಳು ಕಾಯುತ್ತಿದ್ದರು. ನಾನು ಸೀರೆಗಳ ಮಧ್ಯೆ ಸ್ಟೂಲಿನ ಮೇಲೆ ಇನ್ನೂ ಸ್ವಲ್ಪ ಹೊತ್ತು ಕುಳಿತಿದ್ದೆ.